ನಿಶಾನೆ ಹಿಡಿದ ಕುದುರೆ ಸವಾರ

"ನನಗ ಚಾ ಬ್ಯಾಡ್ರಿ ಸಾಬ್ರ, ಚಿತ್ರ ಬೇಕು," ಎಂದು ಮಲ್ಲಿಕಾ ಮತ್ತೊಮ್ಮೆ ಹೇಳಿದಳು. ಅಷ್ಟರಲ್ಲಿ ಸಿರಾಜುದ್ದೀನ ಎದುರಿನ ಹೋಟೆಲಿನ ಕಡೆ ಎರಡು ಬೆರಳೆತ್ತಿ ತೋರಿಸಿ ಆಗಿತ್ತು. ಫೋಟೊಗಳಿಗೆ ಕಟ್ಟು ಹಾಕುವ ಈ ಮನುಷ್ಯನಿಗೆ ಗಿರಾಕಿ ಏನು ಕೇಳುತ್ತಿದ್ದಾಳೆ ಎಂಬುದಕ್ಕಿಂತ ಅವಳು ಚಹಾ ಕುಡಿದಿದ್ದಾಳೋ ಇಲ್ಲವೋ ಎಂಬುದೇ ದೊಡ್ಡ ಚಿಂತೆಯಾಗಿತ್ತು.

"ಕುಂದರ್ರಿ ಅಕ್ಕಾರ. ಗಿರಾಕಿ ನಿಂತು ಕೇಳಿದ್ರ ನನಗ ಏನೂ ನೆನಪಾಗೂದಿಲ್ಲ."

ಕೂರುವುದಕ್ಕೆ ಜಾಗವೆಲ್ಲಿತ್ತು? ಸವಣೂರಿನ ಬಜಾರದ ಆ ಅಂಗಡಿಯ ಅಗಲ ಒಂದು ಬಾಗಿಲಿನಷ್ಟು. ಇದ್ದೊಂದು ಸ್ಟೂಲಿನ ಮೇಲೆ ಯಾರೋ ತೀರಿಹೋದ ಯಜಮಾನರು ರುಮಾಲು ಸುತ್ತಿಕೊಂಡು, ಹೊಸ ಗಾಜು ಹಾಕಿಸಿಕೊಂಡು, ಮನೆಯವರು ಬಂದು ಒಯ್ಯಲಿ ಎಂದು ಕಾಯುತ್ತ ಕುಳಿತಿದ್ದರು. ಗೋಡೆಗೆ ತಿಮ್ಮಪ್ಪ, ಮೆಕ್ಕಾ ಮದೀನಾ, ಯಾರದೋ ಮದುವೆ, ಯಾವುದೋ ಶಾಲೆಯ ಮಾಸ್ತರರ ಬೀಳ್ಕೊಡುಗೆ ಎಲ್ಲ ಒಂದಕ್ಕೊಂದು ಒರಗಿಕೊಂಡಿದ್ದವು. ಸಿರಾಜುದ್ದೀನ ಯಜಮಾನರನ್ನು ಎರಡೂ ಕೈಯಿಂದ ಎತ್ತಿ, "ಸ್ವಲ್ಪ ಸರೀರಿ ಗೌಡ್ರ" ಎಂದು ಅವರಿಗೇ ಹೇಳಿ, ಪಕ್ಕಕ್ಕಿಟ್ಟು ಸ್ಟೂಲು ಒರೆಸಿದ.

ಮಲ್ಲಿಕಾ ಕುಳಿತಳು. ಅವಳು ಹಾನಗಲ್ ಡಿಪೊದಲ್ಲಿ ಕಂಡಕ್ಟರ್. ದಿನವಿಡೀ "ಮುಂದ ಸರೀರಿ, ಮುಂದ ಸರೀರಿ" ಎಂದು ಕಿರುಚುವುದು ಅವಳ ಕೆಲಸ, ಕೇಳಿಸಿಕೊಂಡೂ ಕಂಬದಂತೆ ನಿಲ್ಲುವುದು ಜನರ ಕೆಲಸ. ಇವತ್ತು ವಾರದ ರಜೆ. ಮನೆಯಲ್ಲಿ ಬಟ್ಟೆ ಒಗೆಯುವುದು ಬಿಟ್ಟು, ತನ್ನದೇ ಡಿಪೊದ ಬಸ್ಸಿನಲ್ಲಿ ಬಂಕಾಪುರದ ಮೇಲೆ ಹಾಯ್ದು ಸವಣೂರಿಗೆ ಬಂದಿದ್ದಳು. ಇಲ್ಲಿಯೂ ಯಾರೂ ಮುಂದೆ ಸರಿಯುವ ಲಕ್ಷಣ ಕಾಣಲಿಲ್ಲ.

"ಮೊದಲಿಂದ ಹೇಳ್ತೇನಿ, ಕಿವಿಗೊಟ್ಟು ಕೇಳ್ರಿ. ನಮ್ಮಪ್ಪ ಗೋಣೆಪ್ಪ. ಯಲವಿಗಿ ಲೈನಿನ್ಯಾಗ ಗೇಟ್‌ಮನ್ ಇದ್ರು. ಬ್ಯಾಸಗ್ಯಾಗ ತೀರ್ಕೊಂಡ್ರು. ಅವರ ಫೋಟೊಕ್ಕ ಕಟ್ಟು ಹಾಕಿದವ್ರು ನೀವು. ಕನಕಪ್ಪ ಕಾಕಾ ತಂದುಕೊಟ್ಟಿದ್ರು..."

"ಗೇಟ್ ಗೋಣೆಪ್ಪ!" ಸಿರಾಜುದ್ದೀನ ಕೈಯಲ್ಲಿದ್ದ ಸುತ್ತಿಗೆಯನ್ನೇ ಕೆಳಗಿಟ್ಟ. "ಅಯ್ಯೋ, ಏನ್ ಮನಶ್ಯಾರೀ ಆವಾ! ನನ್ನ ನಿಕಾಹದ ದಿನ ನಮ್ಮ ಜೀಪ್ ಗೇಟಿನ್ಯಾಗ ನಿಂದ್ರಿಸಿದ್ದ. ರೈಲು ಇನ್ನೂ ಕರ್ಜಗಿ ಸುದ್ದಾ ಬಿಟ್ಟಿದ್ದಿಲ್ಲ. ಕೈ ಮುಗದ್ವಿ, ಖರ್ಜೂರ ಕೊಟ್ವಿ. ಖರ್ಜೂರ ತಿಂದ, ಗೇಟ್ ತಗೀಲಿಲ್ಲ. ಖಾಜಿ ಆ ಕಡಿ, ನಾನು ಈ ಕಡಿ!"

"ಅವರ ಮಗಳು ನಾನು."

"ಅದು ಮಾರಿ ಮ್ಯಾಲ ಗೊತ್ತಾಗಾಕತ್ತೈತಿ ತಗೋರಿ."

ಚಹಾ ಬಂತು. ಕುಡಿಯದೆ ಇದ್ದರೆ ಮಾತು ಮುಂದೆ ಸಾಗುವುದಿಲ್ಲ ಎಂದು ಗೊತ್ತಾಗಿ ಮಲ್ಲಿಕಾ ಬಾಯಿ ಸುಟ್ಟುಕೊಂಡು ಒಂದೇ ಗುಟುಕಿಗೆ ಕುಡಿದಳು.

"ಈಗ ಚಿತ್ರದ ಮಾತು. ಅಪ್ಪನ ಫೋಟೊ ಹಾಕಾಕ ಕಾಕಾ ಒಂದು ಹಳೇ ಸಾಗವಾನಿ ಕಟ್ಟು ತಂದಿದ್ರು. ಅದರಾಗ ಕರೇ ಶಾಯಿ ಚಿತ್ರ ಇತ್ತು. ರೈಲು ಹುಟ್ಟಿದ ಹೊಸದರಾಗಿಂದು. ಅದು ಎಲ್ಲೈತಿ?"

"ರೈಲಿನ ಚಿತ್ರ ಬೇಕೇನ್ರಿ ನಿಮಗ?" ಸಿರಾಜುದ್ದೀನನ ಮುಖ ಅರಳಿತು. ಮೂಲೆಯಲ್ಲಿ ಸುತ್ತಿಟ್ಟಿದ್ದ ಕಾಗದಗಳ ನಡುವೆ ಕೈಹಾಕಿ ಒಂದನ್ನು ಎಳೆದು, ಅವಳೆದುರು ಬಿಚ್ಚಿ ಹಿಡಿದ. ಬಿಳಿ ಬಣ್ಣದ, ಚೂಪು ಮೂತಿಯ ಹೊಸ ರೈಲೊಂದು ನೀಲಿ ಆಕಾಶದ ಕೆಳಗೆ ಥಳಥಳಿಸುತ್ತಿತ್ತು. "ಇದನ್ನ ಒಯ್ರಿ. ಮನಿಗೆ ಕಳೆ ಬರತೈತಿ. ನಿಮ್ಮಪ್ಪನ ಚಿತ್ರದಾಗಿನ ರೈಲು ರೈಲ ಅಲ್ಲ ಬಿಡ್ರಿ, ಚಕ್ಕಡಿಗೆ ಹೊಗಿಕೊಳವಿ ಹಚ್ಚಿದಂಗ ಇತ್ತು."

"ಇತ್ತು! ಹಂಗಾದ್ರ ನೀವು ನೋಡೀರಿ!"

"ನೋಡದ ಹೆಂಗ ಬಿಡ್ತೇನಿ? ನನ್ನ ಅಂಗಡಿಗೆ ಬಂದದ್ದಲ್ಲಾ?"

ಅವನು ಎತ್ತಿನ ಚಕ್ಕಡಿ ಎಂದದ್ದು ಸುಳ್ಳೇನಲ್ಲ. ತಾಮ್ರದ ತಗಡಿನ ಮೇಲೆ ಕೂದಲೆಳೆಯಂಥ ಗೆರೆ ಕೆತ್ತಿ, ಶಾಯಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರವದು. ಜಗತ್ತಿನ ಮೊದಲ ರೈಲುಗಳಲ್ಲೊಂದು ಓಡಿದ ದಿನದ ನೆನಪಿಗೆ ಯಾರೋ ವಿಲಾಯತಿಯವರು ಮಾಡಿದ್ದು. ಉದ್ದ ಹೊಗೆಕೊಳವೆಯ ಪುಟ್ಟ ಎಂಜಿನ್, ಅದರ ಹಿಂದೆ ತೆರೆದ ಗಾಡಿಗಳಲ್ಲಿ ತುಂಬಿಕೊಂಡ ಎತ್ತರದ ಟೊಪ್ಪಿಗೆಯ ಗಂಡಸರು, ಛತ್ರಿ ಹಿಡಿದ ಹೆಂಗಸರು, ಬೆದರಿ ಓಡುವ ಆಕಳು. ಎಲ್ಲಕ್ಕಿಂತ ಮುಂದೆ, ಹಳಿಯ ನಡುವೆ, ಕುದುರೆಯ ಮೇಲೆ ಕುಳಿತು ನಿಶಾನೆಯ ಬಾವುಟ ಎತ್ತಿ ಹಿಡಿದ ಒಬ್ಬ. ದಾರಿಯಲ್ಲಿದ್ದ ಜನರನ್ನು ಸರಿಸುವುದು ಅವನ ಕೆಲಸ. ಹಳೆಯ ಸ್ಟೇಷನ್ನಿನ ಕೋಣೆಯೊಂದನ್ನು ಕೆಡವಿದಾಗ ಇದು ಮಣ್ಣಿನ ಗುಡ್ಡೆಯ ಮೇಲೆ ಬಿದ್ದಿತ್ತು. ಗೋಣೆಪ್ಪ ಸಾಹೇಬರನ್ನು ಕೇಳಿ, ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದಿದ್ದ.

ಆ ಕುದುರೆಯವನನ್ನು ತೋರಿಸಿ ಗೋಣೆಪ್ಪ ಮಗಳಿಗೆ ಹೇಳುತ್ತಿದ್ದ: "ಇವನ ನೋಡವ್ವಾ ನಮ್ಮ ಮೂಲ ಪುರುಷ. ಎಂಜಿನ್ ಓಡಿಸಿದವನ ಹೆಸರು ಎಲ್ಲಾರೂ ಹೇಳ್ತಾರ. ಮುಂದ ನಿಶಾನಿ ಹಿಡದು ಹೋದವನ ಹೆಸರು ಯಾರಿಗೂ ಗೊತ್ತಿಲ್ಲ." ಆಗ ಮಲ್ಲಿಕಾ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಅವನ ನಿಶಾನಿ ಕೆಂಪೋ ಹಸರೋ?" ಕಪ್ಪು ಶಾಯಿಯ ಚಿತ್ರದಲ್ಲಿ ಬಣ್ಣವೆಲ್ಲಿಂದ ಬರಬೇಕು? ಆದರೂ ಗೋಣೆಪ್ಪ ಕಣ್ಣು ಕಿರಿದು ಮಾಡಿ ನೋಡಿ ಉತ್ತರ ಕೊಡುತ್ತಿದ್ದ. ಅವಳು ಹಟ ಮಾಡಿದ ದಿನ ನಿಶಾನೆ ಕೆಂಪು. ಹೇಳಿದ ಮಾತು ಕೇಳಿದ ದಿನ ಹಸಿರು. ಒಳ್ಳೆಯ ಅಂಕ ತಂದ ದಿನ, ಜ್ವರ ಬಿಟ್ಟ ದಿನ, ತವರಿಗೆ ಬಂದ ದಿನ ಯಾವಾಗಲೂ ಹಸಿರು.

ಅವಳು ಕಂಡಕ್ಟರ್ ಆಗಿ ಮೊದಲ ಸಲ ಖಾಕಿ ತೊಟ್ಟು ಬಂದಾಗ ಗೋಣೆಪ್ಪ ಅವಳ ಕೊರಳಿನ ಸೀಟಿಯನ್ನು ಮುಟ್ಟಿ ನೋಡಿದ್ದ. "ಈ ಮನ್ಯಾಗ ಗಾಡಿ ನಿಂದ್ರಿಸಾಕ, ಬಿಡಾಕ ಬರೂದು ನನಗ ಬಿಟ್ರ ನಿನಗ. ನನ್ನ ನಂತರ ಆ ಚಿತ್ರ ನಿಂದು," ಎಂದಿದ್ದ. ಅವ್ವ ಶೇಖವ್ವನ ಎದುರು, ತಮ್ಮ ಶಿವಯೋಗಿಯ ಎದುರು ಹೇಳಿದ ಮಾತು. ಹೊಲ ಮನೆ ಯಾವುದರಲ್ಲಿಯೂ ಮಲ್ಲಿಕಾ ಪಾಲು ಕೇಳಿದವಳಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಬೇಸಿಗೆಯಲ್ಲಿ ಗೋಣೆಪ್ಪ ಹೋದ. ಸತ್ತವರ ಮನೆಯಲ್ಲಿ ಮನೆಯವರಿಗೆ ಅಳುವುದಷ್ಟೇ ಕೆಲಸ. ಪೆಂಡಾಲು, ಅಡಿಗೆ, ಹೂವು, ಫೋಟೊ ಎಲ್ಲ ಓಣಿಯವರ ಪಾಲು. ಯಾರು ಏನು ತಂದರು, ಯಾರು ಏನು ಒಯ್ದರು ಎಂದು ಆಗ ಯಾರಿಗೂ ಗೊತ್ತಾಗುವುದಿಲ್ಲ. ದಿವಸದ ಕಾರ್ಯ ಮುಗಿದು ಜನ ಎಲೆ ಎತ್ತುತ್ತಿರುವಾಗ ಮಲ್ಲಿಕಾ ತಲೆ ಎತ್ತಿ ನೋಡಿದರೆ, ಚಿತ್ರವಿದ್ದ ಜಾಗದಲ್ಲಿ ಗೋಡೆಯ ಮೇಲೆ ಬಿಳಿಯ ಚೌಕವೊಂದೇ ಉಳಿದಿತ್ತು. "ಚಿತ್ರ ಎಲ್ಲೈತೋ?" ಎಂದು ತಮ್ಮನನ್ನು ಕೇಳಿದಳು. ಶಿವಯೋಗಿ, "ನೋಡೂಣು" ಎಂದ.

ಶಿವಯೋಗಿಗೆ ಹೌದು ಎನ್ನುವುದೂ ಗೊತ್ತಿಲ್ಲ, ಇಲ್ಲ ಎನ್ನುವುದೂ ಗೊತ್ತಿಲ್ಲ. ಅವನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಬಂದು ಬಲ್ಬ್ ಇದೆಯಾ ಎಂದು ಕೇಳಿದವರಿಗೂ ಅವನು "ನೋಡೂಣು" ಎಂದೇ ಹೇಳುತ್ತಾನೆ. ಆ ದಿನ ಮಲ್ಲಿಕಾಳ ತಲೆ ಕೆಟ್ಟಿತು. ಹಳೆಯ ಸಾಮಾನು ಕೊಳ್ಳುತ್ತ ಮೋಟರ್ ಸೈಕಲ್ಲಿನ ಮೇಲೆ ಊರೂರು ತಿರುಗುವವನೊಬ್ಬ ಆ ವಾರ ಓಣಿಗೆ ಬಂದಿದ್ದನಂತೆ. ಅವಳಿಗೆ ಅಷ್ಟು ಸಾಕಾಯಿತು. "ಅಪ್ಪನ ಮಣ್ಣು ಇನ್ನೂ ಆರಿಲ್ಲ, ಮಾರ್ಕೊಂಡಿ!" ಎಂದಳು. ಊಟಕ್ಕೆ ಕುಳಿತವರು ಕೈ ಬಾಯಿಗೆ ಒಯ್ಯುವುದನ್ನು ನಿಲ್ಲಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ಆ ಚಿತ್ರ ನನ್ನ ಕಣ್ಣಿಗೆ ಬೀಳೂತನಕ ನಾ ಈ ಮನಿ ಹೊಸ್ತಿಲಾ ತುಳಿಯಾಂಗಿಲ್ಲ," ಎಂದು ಎಲ್ಲರ ಎದುರು ಸಾರಿ, ಚಪ್ಪಲಿ ಮೆಟ್ಟಿ ನಡೆದುಬಿಟ್ಟಳು. ಯಾರೋ ಬಾಗಿಲಲ್ಲಿ ಚಪ್ಪಲಿ ಬೋರಲು ಬಿಟ್ಟಿದ್ದಕ್ಕೇ ಮನೆಯಲ್ಲಿ ಜಗಳವಾಯಿತು ಎಂದು ಶೇಖವ್ವ ಆಮೇಲೆ ಎಲ್ಲರಿಗೂ ಹೇಳಿಕೊಂಡು ಬಂದಳು.

ಈಗ ಪಂಚಮಿ ಬಂದಿತ್ತು. ಹಿರಿಯರು ಹೋದ ವರ್ಷ ಹಬ್ಬ ಜೋರಾಗಿ ಮಾಡುವುದಿಲ್ಲ ನಿಜ, ಆದರೆ ಪಂಚಮಿಗೆ ಹೆಣ್ಣುಮಗಳನ್ನು ಕರೆಯದೆ ಇರುವುದಕ್ಕೆ ಆಗುತ್ತದೆಯೆ? ಶಿವಯೋಗಿ ಹಾನಗಲ್ಲಿನ ತನಕ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಕರೆದ. ಅವಳು ಟಿಕೆಟ್ ಮಶೀನಿನಿಂದ ತಲೆ ಎತ್ತದೆ "ಚಿತ್ರ ಸಿಕ್ತೇನು?" ಎಂದಳು. ಅವನು "ನೋಡೂಣು" ಎಂದ. ಅವಳು ಸೀಟಿ ಊದಿ ಬಸ್ ಬಿಡಿಸಿದಳು.

ಆದದ್ದೇ ಬೇರೆ. ಮೊನ್ನೆ ಹಿರೇಕೆರೂರಿನ ರೂಟಿನಲ್ಲಿ ಅಪ್ಪನ ಗೆಳೆಯ ಕನಕಪ್ಪ ಬಸ್ಸು ಹತ್ತಿದ. ಫೋಟೊ ಕಟ್ಟು ಹಾಕಲು ಕೊಟ್ಟ ಮರುದಿನವೇ ಮಗಳ ಊರಿಗೆ ಹೋಗಿ ಅಲ್ಲಿಯೇ ಇದ್ದುಬಿಟ್ಟಿದ್ದ ಮುದುಕ ಅವಳನ್ನು ಕಂಡು, ಜನರ ಗದ್ದಲದ ನಡುವೆ ಕೂಗಿ ಕೇಳಿದ: "ನಿಮ್ಮಪ್ಪನ ಫೋಟೊದ ಕಟ್ಟು ಹೆಂಗ ಕುಂತೈತಿ? ಹೊಸಾದು ಬ್ಯಾಡಂತ ಆ ರೈಲು ಚಿತ್ರದ ಸಾಗವಾನಿ ಕಟ್ಟ ಇಳಿಸ್ಕೊಂಡು ಹೋಗಿ ಸವಣೂರ ಸಿರಾಜುದ್ದೀನಗ ಕೊಟ್ಟೆ. ಬಂಗಾರ ಬಣ್ಣಾ ಹಚ್ಚು ಅಂದೆ. ಗುರ್ತ ಸಿಗಂಗಿಲ್ಲ ಅಲ್ಲಾ?" ಎಂದು ನಕ್ಕ. ಮಲ್ಲಿಕಾ ಸೀಟಿ ಊದುವುದನ್ನೇ ಮರೆತಳು. ಇಳಿಯಬೇಕಾದ ಹೆಣ್ಣುಮಗಳೊಬ್ಬಳು ಮುಂದಿನ ಊರಿನ ತನಕ ಹೋಗಿ, ಇಳಿಯುವಾಗ ಅವಳ ಜನ್ಮ ಜಾಲಾಡಿದಳು.

"ನೋಡೀರಿ ಅಂದ್ರಿ. ನೋಡಿ ಏನ್ ಮಾಡಿದ್ರಿ?" ಎಂದು ಅವಳು ಈಗ ಸಿರಾಜುದ್ದೀನನನ್ನು ಕೇಳಿದಳು. "ಯಾರಿಗರ ಕೊಟ್ಟೀರೇನು? ಮಾರೀರೇನು? ಹರದೋಯ್ತೇನು? ಏನಾಗಿದ್ರೂ ಹೇಳಿಬಿಡ್ರಿ. ನಾ ಏನೂ ಅನ್ನಂಗಿಲ್ಲ."

"ತೋಬಾ ತೋಬಾ!" ಸಿರಾಜುದ್ದೀನ ಕೆನ್ನೆ ಮುಟ್ಟಿಕೊಂಡ. "ಗಿರಾಕಿ ತಂದ ಕಾಗದ ಅಂಗಡ್ಯಾಗ ಉಳೀಬಾರ್ದು, ಕಸದಾಗೂ ಬೀಳಬಾರ್ದು ಅಂತ ನಮ್ಮ ಅಬ್ಬಾ ಹೇಳಿಕೊಟ್ಟಾರ. ಯಾವ ಕಟ್ಟಿನ್ಯಾಗ ಬಂದೈತಿ, ಅದ ಕಟ್ಟಿನ್ಯಾಗ ಹೊಳ್ಳಿ ಹೋಗಬೇಕು."

"ಹೊಳ್ಳಿ ಎಲ್ಲಿ ಹೋತು?"

"ಅದರಾಗ ಐತೆಲ್ರೀ. ನಿಮ್ಮಪ್ಪನ ಫೋಟೊದ ಬೆನ್ನಿಗೆ."

ಮಲ್ಲಿಕಾ ಅವನ ಮುಖವನ್ನೇ ನೋಡಿದಳು. ಅವನು ತನ್ನ ಅಂಗಡಿಯ ಗೋಡೆಯತ್ತ ಕೈ ಬೀಸಿದ. "ಇದು ಬರೇ ನಿಮ್ಮ ಮನೀದಲ್ರಿ. ಸವಣೂರಾಗ ನಾನು, ನಮ್ಮ ಅಬ್ಬಾ ಹಾಕಿದ ಯಾವ ಕಟ್ಟು ಬಿಚ್ಚಿದ್ರೂ ಹಿಂದ ಒಬ್ರು ಇರ್ತಾರ. ಮುಂದ ತಿಮ್ಮಪ್ಪ, ಹಿಂದ ಯಾರದೋ ಮುತ್ಯಾ. ಮುಂದ ಮೊಮ್ಮಗನ ಮದವಿ, ಹಿಂದ ಅಜ್ಜನ ಮದವಿ. ರಟ್ಟಿನಕಿಂತ ಗಟ್ಟಿ ಕುಂದರತೈತಿ. ನಿಮ್ಮ ಚಿತ್ರದ ಶಾಯಿ ಫೋಟೊಕ್ಕ ಹತ್ತಬಾರ್ದಂತ ಅದರ ಮಾರಿ ಹೊರಗ ಮಾಡೇನಿ. ಮ್ಯಾಲ ಖಾಕಿ ಕಾಗದ ಅಂಟಿಸೇನಿ. ಒಂದು ಹುಳಾ ಹೋಗಂಗಿಲ್ಲ."

"ಇದನ್ನ ಯಾಕ ಯಾರಿಗೂ ಹೇಳಲಿಲ್ರಿ ಸಾಬ್ರ?"

"ಯಾರು ಕೇಳಿದ್ರು?"

ಬೇಸಿಗೆಯಿಂದ ಈ ಪಂಚಮಿಯ ತನಕ ಅವಳು ಒಳಗೊಳಗೇ ಬೆಂದಿದ್ದಳು. ತಮ್ಮನ ಹೆಸರು ಕಿವಿಗೆ ಬಿದ್ದರೆ ಎದ್ದು ಹೋಗುತ್ತಿದ್ದಳು. ಅಷ್ಟು ದಿನವೂ ಚಿತ್ರ ತನ್ನ ಗೋಡೆಯ ಮೇಲೆ, ತನ್ನ ಮೊಳೆಗೆ, ಅಪ್ಪನ ಬೆನ್ನಿಗೆ ಒರಗಿಕೊಂಡು ತಣ್ಣಗಿತ್ತು. ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ತಿಳಿಯದೆ ಅವಳು ಪಕ್ಕದಲ್ಲಿದ್ದ ರುಮಾಲಿನ ಗೌಡರನ್ನೇ ಗುರಾಯಿಸಿದಳು.

"ಇನ್ನೊಂದು ಚಾ?" ಎಂದ ಸಿರಾಜುದ್ದೀನ.

ತವರುಮನೆ ಬಜಾರದಿಂದ ದೂರವಿಲ್ಲ. ಓಣಿಯಲ್ಲಿ ಅವತ್ತು ರೊಟ್ಟಿ ಹಬ್ಬದ ಓಡಾಟ. ಹುಡುಗಿಯರು ತಾಟಿನ ಮೇಲೆ ಬಟ್ಟೆ ಮುಚ್ಚಿಕೊಂಡು ಮನೆಮನೆಗೆ ಎಳ್ಳು ಹಚ್ಚಿದ ರೊಟ್ಟಿ, ಪಲ್ಯ ಬೀರುತ್ತಿದ್ದರು. ಎಲ್ಲಿಂದಲೋ ಶೇಂಗಾ ಹುರಿದ ವಾಸನೆ, ಬೆಲ್ಲದ ಪಾಕದ ವಾಸನೆ. ಮಲ್ಲಿಕಾ ಮನೆಯ ಎದುರು ಬಂದು ನಿಂತಳು. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಶಿವಯೋಗಿ ಏಣಿಯ ಮೇಲೆ ನಿಂತು ತೊಲೆಗೆ ಜೋಕಾಲಿಯ ಹಗ್ಗ ಕಟ್ಟುತ್ತಿದ್ದ. ಗೋಡೆಯ ಮೇಲೆ ಬಂಗಾರ ಬಣ್ಣದ ಕಟ್ಟಿನೊಳಗೆ ಗೋಣೆಪ್ಪ, ಹಣೆಗೆ ವಿಭೂತಿ, ಕೊರಳಿಗೆ ಮಲ್ಲಿಗೆ ಮಾಲೆ, ಯಾರ ಮಾತೂ ಕೇಳದ ಅದೇ ಮುಖ.

"ಅವ್ವಾ, ಅಕ್ಕ ಬಂದಳು!" ಎಂದು ಶಿವಯೋಗಿ ಏಣಿಯ ಮೇಲಿಂದಲೇ ಕೂಗಿದ.

"ಬಂದಿಲ್ಲ. ಹೊರಗ ನಿಂತೇನಿ."

ಶೇಖವ್ವ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಕಣ್ಣಿನಲ್ಲಿ ಆಗಲೇ ನೀರು. "ಬಾರ ಯವ್ವಾ, ಬಾ. ಬಿಸಲಾಗ ಯಾಕ ನಿಂತಿ?"

"ಅವ್ವಾ, ಚಿತ್ರ ಸಿಕ್ಕೈತಿ. ಅಪ್ಪನ ಫೋಟೊದ ಹಿಂದ ಐತಂತ. ಸಿರಾಜುದ್ದೀನ ಹೇಳಿದ. ಆ ಕಟ್ಟು ಹೊರಗ ಕೊಡ್ರಿ, ಬಿಚ್ಚಿಸಿ ನೋಡ್ತೇನಿ."

ಇದನ್ನು ಅರ್ಥ ಮಾಡಿಕೊಳ್ಳಲು ಮನೆಯವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕನಕಪ್ಪ, ಸಾಗವಾನಿ, ಬಂಗಾರ ಬಣ್ಣ, ಖಾಕಿ ಕಾಗದ ಎಲ್ಲವನ್ನೂ ಮಲ್ಲಿಕಾ ರಸ್ತೆಯಲ್ಲಿ ನಿಂತೇ ವಿವರಿಸಿದಳು. ಎದುರು ಮನೆಯ ಮಾಬೂಬಿ ರೊಟ್ಟಿಯ ತಾಟು ಹಿಡಿದು ತನ್ನ ಕಟ್ಟೆಯ ಮೇಲೆ ಬಂದು ಕುಳಿತಳು. ಕೇಳುತ್ತ ಕೇಳುತ್ತ ಶಿವಯೋಗಿಯ ಮುಖ ಕೆಂಪಾಯಿತು. ಅವನು ಏನಾದರೂ ಹೇಳಿಯಾನು ಎಂದು ಮಲ್ಲಿಕಾ ಕಾದಳು. ಹೇಳಿದ್ದರೆ ಕೇಳಿಸಿಕೊಳ್ಳಲು ಸಿದ್ಧಳಾಗಿಯೇ ಬಂದಿದ್ದಳು. ಅವನು ಹಗ್ಗದ ಗಂಟನ್ನೇ ನೋಡುತ್ತ ನಿಂತ.

ಶೇಖವ್ವ ಮಾತ್ರ ಗಟ್ಟಿಯಾಗಿ ತಲೆಯಾಡಿಸಿದಳು. "ಫೋಟೊ ಹೊರಗ ತರಾಂಗಿಲ್ಲ."

"ಯಾಕವ್ವಾ?"

"ಇನ್ನೂ ವರ್ಷ ತುಂಬಿಲ್ಲ. ಪೂಜಿ ಮಾಡಿ ಒಳಗ ಕರ್ಕೊಂಡು ಕುಂದರ್ಸೇವಿ. ಕಟ್ಟು ಬಿಚ್ಚಾಂಗಿಲ್ಲ, ಹೊಸ್ತಿಲಾ ದಾಟಿಸಾಂಗಿಲ್ಲ."

"ಅವ್ವಾ, ಅದು ಕಾಗದ. ಒಂದೀಟು ಹೊತ್ತು..."

"ಕಾಗದ ಅನಬ್ಯಾಡ!" ಶೇಖವ್ವನ ದನಿ ಒಡೆಯಿತು. "ಒಮ್ಮಿ ಈ ಬಾಗಲದಾಗಿಂದ ಅವನ್ನ ಹೊರಗ ಒಯ್ದದ್ದು ನೋಡೇನಿ. ಮತ್ತೊಮ್ಮಿ ನೋಡಾಕ ನನ್ನ ಕೈಲೆ ಆಗೂದಿಲ್ಲ."

ಮಲ್ಲಿಕಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನೀನ ಒಳಗ ಬಂದು ನೋಡು," ಎಂದಳು ಶೇಖವ್ವ ಕಣ್ಣೊರೆಸಿಕೊಂಡು.

"ಚಿತ್ರ ಕಣ್ಣಿಗೆ ಬೀಳೂತನಕ ಒಳಗ ಬರಾಂಗಿಲ್ಲ ಅಂತ ಊರ ಮಂದಿ ಮುಂದ ಅಂದೇನಿ."

"ಅಂದ್ರ ಏನಾತು? ಸಿಟ್ಟಿನ್ಯಾಗ ಅಂದಿ."

"ಅಂದದ್ದು ಅಂದದ್ದ. ಗೇಟ್ ಹಾಕಿದ ಮ್ಯಾಲ ಅಪ್ಪ ಯಾರಿಗರ ತಗದಿದ್ದೇನು?"

ಶೇಖವ್ವ ಕೈಯ ಹಿಟ್ಟು ಉಜ್ಜಿಕೊಂಡಳು. ಆ ಮನುಷ್ಯನ ಜೊತೆ ಬಾಳಿದವಳು ಅವಳು.

"ಛಲೋ ಆತು," ಎಂದಳು ಮಾಬೂಬಿ ತನ್ನ ಕಟ್ಟೆಯಿಂದ. "ಅಪ್ಪ ಹೊರಗ ಬರಂಗಿಲ್ಲ, ಮಗಳು ಒಳಗ ಹೋಗಂಗಿಲ್ಲ. ನಡು ನಾವು ರೊಟ್ಟಿ ಯಾರಿಗೆ ಕೊಡೂಣು?"

"ನೋಡೂಣು," ಎಂದ ಶಿವಯೋಗಿ ಏಣಿಯ ಮೇಲಿಂದ.

ಮಲ್ಲಿಕಾಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಏನ್ ನೋಡ್ತಿ? ಏನ್ ನೋಡ್ತೀಯೋ ನೀನು? ಹುಟ್ಟಿದಾಗಿಂದ ನೋಡಾಕತ್ತಿ! ಮಾರಿಲ್ಲಂದ್ರ ಮಾರಿಲ್ಲ ಅಂತ ಅವತ್ತ ಬಾಯಿ ಬಿಟ್ಟು ಅನ್ನಾಕ ಏನಾಗಿತ್ತು? 'ಇಲ್ಲ ಅಕ್ಕಾ' ಅಂತ ಒಂದು ಮಾತು ಅಂದಿದ್ರ ನಾ ಇಷ್ಟು ದಿನ ಹೊರಗ ನಿಂದರತಿದ್ನೇನು?"

ಶಿವಯೋಗಿ ಏಣಿಯಿಂದ ಇಳಿದ. ಯಾವಾಗಲೂ ನಿಧಾನಕ್ಕೆ ಮಾತಾಡುವವನು ಇನ್ನೂ ನಿಧಾನವಾಗಿ ಹೇಳಿದ: "ನೀ ಕೇಳಿದ್ರ ಅಂತಿದ್ದೆ ಅಕ್ಕಾ. ನೀ ಕೇಳಲಿಲ್ಲ. ಮಾರ್ಕೊಂಡಿ ಅಂದಿ."

ಮಾಬೂಬಿ ತಾಟಿನ ಮೇಲಿನ ಬಟ್ಟೆ ಸರಿಮಾಡಿಕೊಂಡಳು. ಬಸ್ಸಿನಲ್ಲಿ ಎಂಥ ಪುಂಡರಿಗೂ ತಕ್ಕ ಉತ್ತರ ಕೊಡುವ ಮಲ್ಲಿಕಾ ಚಪ್ಪಲಿಯ ತುದಿಯಿಂದ ರಸ್ತೆಯ ಕಲ್ಲೊಂದನ್ನು ಪಕ್ಕಕ್ಕೆ ಸರಿಸಿದಳು.

ಆಮೇಲೆ ಶಿವಯೋಗಿ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದ. ಗೋಡೆಯ ಬಳಿ ಹೋಗಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಕೈಮುಗಿದು ಫೋಟೊವನ್ನು ಮೊಳೆಯಿಂದ ಇಳಿಸಿದ. "ಏ, ಏ, ಶಿವೂ!" ಎಂದು ಶೇಖವ್ವ ಹಿಂದೆಯೇ ಬಂದಳು. ಅವನು ಬಾಗಿಲ ಕಡೆ ಹೋಗಲಿಲ್ಲ. ರಸ್ತೆಯ ಕಡೆಗಿದ್ದ ಕಿಡಕಿಗೆ ಹೋಗಿ, ಕಬ್ಬಿಣದ ಸರಳುಗಳಿಗೆ ಒತ್ತಿ ಕಟ್ಟನ್ನು ಹಿಡಿದು ನಿಂತ. ಗೋಣೆಪ್ಪನ ಮುಖ ಒಳಗೆ, ಶೇಖವ್ವನ ಕಡೆ. ಬೆನ್ನು ಹೊರಗೆ, ರಸ್ತೆಯ ಕಡೆ.

"ಅಪ್ಪ ಹೊರಗ ಬಂದಿಲ್ಲ. ನೀ ಒಳಗ ಬಂದಿಲ್ಲ," ಎಂದ ಕಟ್ಟಿನ ಹಿಂದಿನಿಂದ. "ಕಾಗದ ಹರಿ."

ಮಲ್ಲಿಕಾ ಕಟ್ಟೆ ಹತ್ತಿ ಕಿಡಕಿಗೆ ಬಂದಳು. ಖಾಕಿ ಕಾಗದವನ್ನು ಸಿರಾಜುದ್ದೀನ ನಿಜವಾಗಿಯೂ ಹುಳ ಹೋಗದ ಹಾಗೆ ಅಂಟಿಸಿದ್ದ. ಉಗುರಿಗೆ ಸಿಗಲಿ ಎಂದು ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ. "ಇವನ ಕೈ ಮುರಿಲಿ" ಎಂದು ಗೊಣಗುತ್ತ ಅವಳು ಸೆರಗಿನ ಪಿನ್ನು ತೆಗೆದು, ಸರಳಿನ ಸಂದಿಯಲ್ಲಿ ಕೈ ತೂರಿಸಿ, ಅಂಚಿನುದ್ದಕ್ಕೂ ಗೀರಿದಳು. ಕಾಗದ ಪಟ್ಟಿಪಟ್ಟಿಯಾಗಿ ಕೈಗೆ ಬಂತು.

ಮೊದಲು ಕಂಡದ್ದು ಹೊಗೆ. ಸಣ್ಣ ಸಣ್ಣ ಸುರುಳಿ ಗೆರೆಗಳ ಹೊಗೆ, ಅಂಚಿನಲ್ಲಿ ಸ್ವಲ್ಪ ಹಳದಿಯಾಗಿತ್ತು. ಆಮೇಲೆ ಉದ್ದ ಕೊಳವೆ. ಟೊಪ್ಪಿಗೆಗಳು, ಛತ್ರಿಗಳು, ಬಾಲ ಎತ್ತಿ ಓಡುವ ಆ ಆಕಳು. ಚಿಕ್ಕವಳಿದ್ದಾಗ ಅದಕ್ಕೆ ಅವಳು ಗೌರಿ ಎಂದು ಹೆಸರಿಟ್ಟಿದ್ದಳು. ಅವಳ ಕೈ ತಾನಾಗಿಯೇ ನಿಧಾನವಾಯಿತು. ಇನ್ನು ಉಳಿದದ್ದು ಎಡಗಡೆಯ ಮೂಲೆ. ಅಲ್ಲಿನ ಅಂಟು ಗಟ್ಟಿಯಾಗಿತ್ತು. ಶಿವಯೋಗಿ ಒಳಗಿನಿಂದ ಕಟ್ಟನ್ನು ಇನ್ನಷ್ಟು ಬಿಗಿಯಾಗಿ ಸರಳಿಗೆ ಒತ್ತಿ ಹಿಡಿದ. ಅವನ ಬೆರಳ ತುದಿಗಳು ಅಂಚಿನಲ್ಲಿ ಕಾಣುತ್ತಿದ್ದವು, ಒಂದಕ್ಕೆ ಎಂದೋ ಕರೆಂಟು ಹೊಡೆದ ಕಲೆ.

ಅವಳು ಕೊನೆಯ ಪಟ್ಟಿಯನ್ನು ಎಳೆದಳು. ಕುದುರೆ ಮುಂಗಾಲು ಎತ್ತಿತ್ತು. ಅದರ ಮೇಲೆ ಹೆಸರಿಲ್ಲದ ಆ ಮನುಷ್ಯ, ಹಿಂದಿನ ಅಷ್ಟೂ ಗದ್ದಲಕ್ಕೆ ಬೆನ್ನು ಮಾಡಿ, ನಿಶಾನೆ ಹಿಡಿದು ನೇರ ಅವಳ ಕಡೆಗೇ ಬರುತ್ತಿದ್ದ.

ಮಾಬೂಬಿ ರಸ್ತೆ ದಾಟಿ ಬಂದು ಅವಳ ಹೆಗಲ ಮೇಲಿಂದ ಇಣುಕಿದಳು. "ಇದಕ್ಕೇನ ಇಷ್ಟೆಲ್ಲಾ?" ಎಂದಳು.

ಒಳಗೆ ಶೇಖವ್ವನಿಗೆ ಚಿತ್ರ ಕಾಣುತ್ತಿರಲಿಲ್ಲ. ಅವಳ ಎದುರಿಗಿದ್ದದ್ದು ಗಂಡನ ಮುಖ, ಅದರಾಚೆ ಕಿಡಕಿಯ ಬೆಳಕು. ಇಳಿಸುವಾಗ ವಾಲಿದ್ದ ಮಾಲೆಯನ್ನು ಅವಳು ಸರಿಮಾಡಿದಳು. ಆಮೇಲೆ ಗಂಡನನ್ನೇ ನೋಡುತ್ತ, ಮಗಳಿಗೆ ಕೇಳುವಂತೆ ಕೇಳಿದಳು:

"ಸಿಕ್ಕಾನೇನ ಕುದರಿಯವಾ?"

"ಹ್ಞೂಂ," ಎಂದಳು ಮಲ್ಲಿಕಾ.

"ನಿಶಾನಿ ಯಾವ ಬಣ್ಣಾ ಐತಿ ನೋಡವ್ವಾ?"

ಮಲ್ಲಿಕಾ ಸರಳುಗಳನ್ನು ಹಿಡಿದು ನಿಂತಳು. ಕಣ್ಣು ತುಂಬಿ ಚಿತ್ರದ ಗೆರೆಗಳೆಲ್ಲ ಒಂದರೊಳಗೊಂದು ಕಲಸಿಹೋದವು. ಪಿನ್ನನ್ನು ಎಲ್ಲಿಡುವುದೆಂದು ತಿಳಿಯದೆ ಮಾಬೂಬಿಯ ಕೈಗೆ ಕೊಟ್ಟು, ಕಟ್ಟೆ ಇಳಿದು ಬಾಗಿಲಿಗೆ ಬಂದಳು. ಗಡಿಬಿಡಿಯಲ್ಲಿ ಚಪ್ಪಲಿ ಒದರಿ ಒಳಗೆ ಹೋದಳು. ಒಳಗಿನಿಂದ ಶೇಖವ್ವ ಜೋರಾಗಿ ಅತ್ತದ್ದು ಓಣಿಗೆಲ್ಲ ಕೇಳಿಸಿತು.

ಶಿವಯೋಗಿ ಕಟ್ಟನ್ನು ಕಿಡಕಿಯಲ್ಲಿಯೇ ಸರಳಿಗೆ ಒರಗಿಸಿ ನಿಲ್ಲಿಸಿ ಹೊರಗೆ ಬಂದ. ಹೊಸ್ತಿಲಿನ ಆಚೆ ಅಕ್ಕನ ಒಂದು ಚಪ್ಪಲಿ ನೆಟ್ಟಗಿತ್ತು. ಇನ್ನೊಂದು ದೂರ ಸಿಡಿದು ಬೋರಲು ಬಿದ್ದಿತ್ತು. ಅವನು ಬಗ್ಗಿ ಅದನ್ನು ಎತ್ತಿ, ತಿರುಗಿಸಿ, ಜೋಡಿಯ ಪಕ್ಕದಲ್ಲಿ ಸರಿಯಾಗಿ ಇಟ್ಟ. ಆಮೇಲೆ ಒಳಗೆ ಹೋಗಿ ಜೋಕಾಲಿ ಕಟ್ಟಲು ಮತ್ತೆ ಏಣಿ ಹತ್ತಿದ.